ನಾಲೆಯ ನೀರೂ ಓದಿನ ಹೊರೆಯೂ

ಕಳೆದ ತಿಂಗಳ ಒಂದು ಶನಿವಾರ, ಸಂಜೆಯ ದೀಪ ಹಚ್ಚುವ ಹೊತ್ತಿಗೆ, ಮಂಡ್ಯದ ನಮ್ಮ ಮನೆಯ ಬಾಗಿಲಿಗೆ ತಾಯಿ ಮಗ ಇಬ್ಬರು ಬಂದರು. ಹುಡುಗನ ಗುರುತು ಕೂಡಲೇ ಹತ್ತಿತು. ಇಂಜಿನಿಯರಿಂಗ್ ಓದಿನ ಮೊದಲನೆಯ ವರ್ಷದಲ್ಲಿ ನನ್ನ ಕನ್ನಡ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು, ಪ್ರಶ್ನೆ ಕೇಳಿದಾಗ ಮಾತ್ರ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದವನು ಅವನು. ಈಗ ಕಂಪ್ಯೂಟರ್ ವಿಜ್ಞಾನದ ಮೂರನೆಯ ಸೆಮಿಸ್ಟರಿನಲ್ಲಿದ್ದಾನೆ. ತಾಯಿ ಮಳವಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ನನ್ನ ಹೆಂಡತಿ ತಂದಿಟ್ಟ ಕಾಫಿಯನ್ನು ಮುಟ್ಟದೆಯೇ ಆಕೆ ಮಾತಿಗೆ ತೊಡಗಿದರು.

“ಓದು ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದಾನೆ, ಸಾರ್. ರಾತ್ರಿ ಹನ್ನೆರಡರವರೆಗೂ ಕೂತಿರುತ್ತಾನೆ. ಆದರೂ ಟೆಸ್ಟಿನಲ್ಲಿ ಎರಡು ವಿಷಯ ಹೋಗಿವೆ. ನಿಮ್ಮ ಮಾತೆಂದರೆ ಕೇಳುತ್ತಾನೆ. ಒಂದಿಷ್ಟು ಬುದ್ಧಿ ಹೇಳಿ.”

ಕನ್ನಡದ ಮೇಷ್ಟರಿಗೆ ಬಿಡುವು ಹೆಚ್ಚು, ಬುದ್ಧಿ ಹೇಳುವ ಚಪಲ ಅದಕ್ಕಿಂತ ಹೆಚ್ಚು ಎಂಬುದು ಲೋಕದ ನಂಬಿಕೆ. ನಾನೂ ಗಂಟಲು ಸರಿಪಡಿಸಿಕೊಂಡೆ. ಆದರೆ ಹುಡುಗನ ಮುಖವನ್ನು ನೋಡಿದಾಗ ಅಲ್ಲಿ ಸೋಮಾರಿತನದ ಸುಳಿವೇ ಕಾಣಲಿಲ್ಲ. ಕಂಡದ್ದು ಬರಿಯ ಆಯಾಸ. ಬುದ್ಧಿವಾದವನ್ನು ಬದಿಗಿಟ್ಟು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಅವನ ಕೈಗೆ ಕೊಟ್ಟೆ. “ಹೋದ ವಾರ ಯಾವ ಯಾವ ಗಂಟೆಯಲ್ಲಿ ಏನೇನು ಮಾಡಿದೆಯೋ ಅದನ್ನು ಇದ್ದದ್ದು ಇದ್ದಂತೆ ಬರೆಯಪ್ಪಾ” ಎಂದೆ.

ಅವನು ಬರೆಯುತ್ತಿರುವಷ್ಟರಲ್ಲಿ, ಕಾಲೇಜಿನ ಮೆಟ್ಟಿಲು ಹತ್ತಿ ಬಹುದಿನವಾದ ವಾಚಕರಿಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಈಗಿನ ಇಂಜಿನಿಯರಿಂಗ್ ಪದವಿಗೆ ಒಟ್ಟು 160 ಕ್ರೆಡಿಟ್ಟುಗಳು. ಎಂಟು ಸೆಮಿಸ್ಟರಿಗೆ ಸಮನಾಗಿ ಹಂಚಿದರೆ ಒಂದಕ್ಕೆ 20. ವಾರದಲ್ಲಿ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್ಟು. ಪ್ರಯೋಗಶಾಲೆಯಲ್ಲಾದರೆ ಎರಡು ಗಂಟೆ ದುಡಿದರೆ ಒಂದು. ನನ್ನ ಕನ್ನಡಕ್ಕೆ ದಕ್ಕಿರುವುದು ಒಂದೇ ಒಂದು. ಅದರ ಬಗೆಗೆ ನನಗೆ ದೂರೇನೂ ಇಲ್ಲ. ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ ನೂರಕ್ಕೆ 85ರಷ್ಟು ಹಾಜರಾತಿಯೂ ಬೇಕು. ಕಾಗದದ ಮೇಲೆ ಇದೇನೂ ಹೊರಲಾರದ ಹೊರೆಯಲ್ಲ. ಆದರೆ ಕ್ರೆಡಿಟ್ಟು ಅಳೆಯುವುದು ತರಗತಿಯ ಗಂಟೆಗಳನ್ನು. ಮನೆಯ ಗಂಟೆಗಳನ್ನಾಗಲಿ ಬಸ್ಸಿನ ಗಂಟೆಗಳನ್ನಾಗಲಿ ಅದು ಅಳೆಯದು.

ಹುಡುಗ ಹಾಳೆಯನ್ನು ನನ್ನ ಮುಂದಿಟ್ಟ. ಬೆಳಗ್ಗೆ ಆರೂವರೆಯ ಬಸ್ಸು. ಮನೆಗೆ ಮರಳುವುದು ಸಂಜೆ ಏಳಕ್ಕೆ. ಊಟವಾದ ಮೇಲೆ ಪ್ರೋಗ್ರಾಮು. ಸೋಮವಾರ ಮೂರು ಗಂಟೆ, ಮಂಗಳವಾರ ನಾಲ್ಕು, ಬುಧವಾರ ಮತ್ತೆ ಮೂರು, ಹೀಗೆಯೇ ಶನಿವಾರದವರೆಗೆ. ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಬೆಂಗಳೂರು. ನಾನು ಹಾಳೆಯನ್ನು ಎರಡು ಸಲ ಮೇಲಿನಿಂದ ಕೆಳಗೆ ನೋಡಿದೆ.

“ಗಣಿತ ಎಲ್ಲಪ್ಪಾ?” ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. “ಭಾನುವಾರ ಮಾಡೋಣ ಅಂತ ಬಿಟ್ಟಿರುತ್ತೇನೆ, ಸಾರ್.”

“ಭಾನುವಾರ ಬೆಂಗಳೂರಿನಲ್ಲಿ ಏನು?”

ಉತ್ತರ ಹೇಳಿದವರು ತಾಯಿ. “ಅಲ್ಲಿ ಒಂದು ತರಬೇತಿಗೆ ಸೇರಿಸಿದ್ದೇನೆ, ಸಾರ್. ಕೋಡಿಂಗ್ ಗೊತ್ತಿಲ್ಲದವರಿಗೆ ಕೆಲಸವೇ ಸಿಗುವುದಿಲ್ಲ ಅಂದರು.”

ನಾಲ್ಕು ಕ್ರೆಡಿಟ್ಟಿನ ಗಣಿತಕ್ಕೆ ಆ ಹಾಳೆಯಲ್ಲಿ ಸ್ಥಳವೇ ಇರಲಿಲ್ಲ. ಹುಡುಗನಿಗೆ ಕಷ್ಟಪಡಲು ಬಾರದೆಂದಲ್ಲ. ಕಷ್ಟವನ್ನು ಹಂಚಲು ಬಂದಿರಲಿಲ್ಲ, ಅಷ್ಟೆ.

ಹಂಚಿಕೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಹೊರಗಿನವರು ಬಂದು ಕಲಿಸಬೇಕಾದುದಿಲ್ಲ. ಇರ್ವಿನ್ ನಾಲೆ ಎಂದು ಮೊದಲು ಹೆಸರಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲಕ್ಕೆ ನೀರು ತಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾ ನಾಲೆಯಲ್ಲಿ ರೂಪಿಸಿದ್ದ ಬ್ಲಾಕ್ ಪದ್ಧತಿಯೇ ಇಲ್ಲಿಗೂ ಬಂದಿತು. ಅದರ ತಿರುಳು ಸರಳವಾದುದು. ನೀರು ಬಂದಿತೆಂದು ಇರುವ ಹೊಲಕ್ಕೆಲ್ಲ ಕಬ್ಬು ನೆಡತಕ್ಕದ್ದಲ್ಲ. ಒಂದು ಭಾಗಕ್ಕೆ ಕಬ್ಬು, ಒಂದು ಭಾಗಕ್ಕೆ ಬತ್ತ, ಇನ್ನೊಂದು ಭಾಗಕ್ಕೆ ರಾಗಿಯಂತಹ ಕಡಮೆ ನೀರಿನ ಬೆಳೆ. ವರ್ಷ ಕಳೆದಂತೆ ಇವು ಸರದಿಯ ಮೇಲೆ ಸ್ಥಳ ಬದಲಾಯಿಸಬೇಕು. ಎಲ್ಲರೂ ಎಲ್ಲೆಡೆಯೂ ಕಬ್ಬನ್ನೇ ನೆಟ್ಟರೆ ನಾಲೆಯ ಕೊನೆಯ ಊರಿಗೆ ನೀರು ಮುಟ್ಟುವುದಿಲ್ಲ.

“ನಿನ್ನ ಪ್ರೋಗ್ರಾಮು ಕಬ್ಬು” ಎಂದು ಹುಡುಗನಿಗೆ ಹೇಳಿದೆ. “ಎಷ್ಟು ಹರಿಸಿದರೂ ಕುಡಿಯುತ್ತದೆ. ಗಣಿತ ಬತ್ತ. ಒಂದೇ ದಿನ ಕೆರೆಯನ್ನೇ ತಂದು ಸುರಿದರೆ ಪ್ರಯೋಜನವಿಲ್ಲ. ಅದರ ಬುಡದಲ್ಲಿ ದಿನವೂ ಸ್ವಲ್ಪ ನೀರು ನಿಂತಿರಬೇಕು. ನನ್ನ ಕನ್ನಡ ರಾಗಿ. ನೀನು ಮರೆತರೂ ಅದು ಹೇಗೋ ಬದುಕಿಕೊಳ್ಳುತ್ತದೆ.” ಅಂದಿನ ಸಂಜೆ ಹುಡುಗ ನಕ್ಕದ್ದು ಅದೇ ಮೊದಲು.

ಮಾತು ಹಗುರವಾಗಿದ್ದರೂ ವಿಷಯ ಹಗುರವಲ್ಲ. ಗಣಿತದ ಒಂದು ಲೆಕ್ಕಕ್ಕೆ ಹೆಚ್ಚು ಕಡಮೆ ಇಷ್ಟು ಹೊತ್ತು ಹಿಡಿಯುತ್ತದೆಂದು ಅಂದಾಜು ಮಾಡಬಹುದು. ಪ್ರೋಗ್ರಾಮಿಗೆ ಆ ಅಂದಾಜು ನಡೆಯದು. ಒಂದು ಚಿಹ್ನೆ ತಪ್ಪಿದರೆ ಇಡೀ ರಾತ್ರಿ ಅದರ ಹುಡುಕಾಟದಲ್ಲಿಯೇ ಕಳೆದುಹೋಗಬಹುದು. ಅಳತೆಯಿಲ್ಲದ ಕೆಲಸವನ್ನು ದಿನದ ಮೊದಲಿಗಿಟ್ಟರೆ ಅಳತೆಯುಳ್ಳ ಕೆಲಸಕ್ಕೆ ಸರದಿಯೇ ಬರುವುದಿಲ್ಲ. ಆದುದರಿಂದ ಮೊದಲು ಮುಕ್ಕಾಲು ಗಂಟೆ ಗಣಿತ, ಆಮೇಲೆ ಪ್ರೋಗ್ರಾಮು. ಅದನ್ನಾದರೂ ಕೊಟ್ಟ ದಿನವೇ ಕಾಗದದ ಮೇಲೆ ಬರೆದು ಆರಂಭಿಸಬೇಕು. ಒಪ್ಪಿಸುವ ಹಿಂದಿನ ರಾತ್ರಿ ಅಲ್ಲ. ಮುಕ್ಕಾಲು ಗಂಟೆ ಹೆಣಗಿದರೂ ತಪ್ಪು ಸಿಕ್ಕದಿದ್ದರೆ ಯಂತ್ರವನ್ನು ಮುಚ್ಚಿ, ಮರುದಿನ ಸ್ನೇಹಿತನನ್ನು ಕೇಳಬೇಕು. ಕಲಿತದ್ದು ಹೇಗೆ ಮರೆತುಹೋಗುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದನು. ಬಿಡಿಬಿಡಿಯಾಗಿ ಹಲವು ದಿನ ಓದಿದ್ದು, ಒಂದೇ ಸಲ ಒತ್ತಿ ಓದಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆಂಬುದು ಅಂದಿನಿಂದಲೂ ತಿಳಿದ ವಿಷಯ.

ಇನ್ನೊಂದು ಮಾತಿದೆ. ಗಣಿತ ಬೇರೆ, ಕಂಪ್ಯೂಟರು ಬೇರೆ ಎಂದು ಎರಡು ಹೊರೆಗಳನ್ನು ಹೊರುವವನಿಗೆ ಅವು ಅಕ್ಕತಂಗಿಯರೆಂದು ತಿಳಿದರೆ ಭಾರ ಸ್ವಲ್ಪ ಇಳಿಯುತ್ತದೆ. ಮೊತ್ತಮೊದಲ ಪ್ರೋಗ್ರಾಮೆಂದು ಹಲವರು ಹೇಳುವುದನ್ನು 1843ರಲ್ಲಿ ಅಡಾ ಲವ್ಲೇಸ್ ಎಂಬಾಕೆ ಪ್ರಕಟಿಸಿದುದು ಗಣಿತದ ಸಂಖ್ಯೆಗಳನ್ನು ಲೆಕ್ಕಹಾಕುವುದಕ್ಕಾಗಿಯೇ. ಆ ಯಂತ್ರವಿನ್ನೂ ತಯಾರಾಗಿರಲೇ ಇಲ್ಲ. ನಮ್ಮ ಕಡೆಗೆ ಬಂದರೆ, 9ನೆಯ ಶತಮಾನದಲ್ಲಿ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ, ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸೂತ್ರ ಕೊಟ್ಟಿದ್ದಾನೆ. ಷಡ್ರಸಗಳಲ್ಲಿ ಮೂರನ್ನು ಆರಿಸಬೇಕು ಎನ್ನೋಣ. ಆರು, ಐದು, ನಾಲ್ಕನ್ನು ಗುಣಿಸಿ, ಒಂದು, ಎರಡು, ಮೂರರ ಗುಣಲಬ್ಧದಿಂದ ಭಾಗಿಸಿದರೆ 20 ಬಗೆ. ಹುಡುಗ ಈ ಸೆಮಿಸ್ಟರಿನಲ್ಲಿ ಓದುತ್ತಿರುವ ಸಂಭವನೀಯತೆಯ ಪಾಠಕ್ಕೆ ಬೇಕಾದ ಸೂತ್ರವೂ ಇದೇ. “ಇದನ್ನೇ ಒಂದು ಪ್ರೋಗ್ರಾಮು ಮಾಡು. ಗಣಿತವೂ ಆಯಿತು, ಅಭ್ಯಾಸವೂ ಆಯಿತು” ಎಂದೆ. ಕನ್ನಡದ ಮೇಷ್ಟರ ಬಾಯಿಂದ ಇದು ಬಂದಿತೆಂದು ಅವನು ಸ್ವಲ್ಪ ಬೆರಗಾದಂತೆ ಕಂಡಿತು. ಹಳಗನ್ನಡದ ಪುಸ್ತಕಗಳ ನೆರೆಯಲ್ಲಿ ಇಂತಹವೂ ಕೈಗೆ ಸಿಕ್ಕುತ್ತವೆ.

ಬೀಳ್ಕೊಡುವ ಮುನ್ನ ಕಷ್ಟದ ಮಾತು ಉಳಿದಿತ್ತು. ತಾಯಿಯತ್ತ ತಿರುಗಿ, “ಅಮ್ಮಾ, ಆ ಭಾನುವಾರದ ತರಬೇತಿಯನ್ನು ಬಿಡಿಸಬೇಕು” ಎಂದೆ.

“ಫೀಸು ಕಟ್ಟಿಬಿಟ್ಟಿದ್ದೇನಲ್ಲ, ಸಾರ್!”

ಹುಡುಗ ನೆಲ ನೋಡುತ್ತಲೇ ಮೆಲ್ಲಗೆ, “ಅಮ್ಮ ಸಾಲ ಮಾಡಿ ಕಟ್ಟಿದ್ದಾರೆ, ಸಾರ್. ಬೇಡ ಅಂತ ಹೇಗೆ ಹೇಳಲಿ?” ಎಂದ.

ಆಕೆ ಮಗನ ಮುಖವನ್ನೇ ನೋಡಿದರು. ಓದು ಬಿಡುತ್ತೇನೆಂದು ಹೇಳಬಲ್ಲ ಹುಡುಗನಿಗೆ ಭಾನುವಾರ ಒಂದು ದಿನ ಬಿಡುವು ಬೇಕೆಂದು ಕೇಳಲು ಬಾಯಿ ಬಂದಿರಲಿಲ್ಲ. “ಕಟ್ಟಿದ ಹಣ ಹೋದರೆ ಹೋಗಲಿ. ಭಾನುವಾರವಾದರೂ ಉಳಿಯಲಿ” ಎಂದೆ. ಆಕೆ ಏನೂ ಹೇಳಲಿಲ್ಲ. ಆರಿದ ಕಾಫಿಯನ್ನು ಎತ್ತಿ ಕುಡಿದರು.

ಮರುವಾರ ಆ ಹುಡುಗನನ್ನು ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿಗೆ ಪರಿಚಯಿಸಿದೆ. ಆಕೆ ಮದ್ದೂರಿನಿಂದ ದಿನವೂ ರೈಲಿನಲ್ಲಿ ಬರುವವಳು. ವಡೆ ಮಾರುವವರ ಕೂಗಿನ ನಡುವೆ ಕುಳಿತು ಮೂರು ವರ್ಷ ಗಣಿತ ಮಾಡಿದ್ದಾಳೆ. ಅವಳ ಬಳಿ ‘ತಪ್ಪಿನ ಪುಸ್ತಕ’ವೆಂಬ ಒಂದು ನೋಟುಪುಸ್ತಕವಿದೆ; ಮಾಡಿದ ಪ್ರತಿಯೊಂದು ತಪ್ಪು, ಅದರ ಕಾರಣ, ಕೆಳಗೆ ಸರಿಯಾದ ದಾರಿ. ಮಳವಳ್ಳಿಯ ಬಸ್ಸಿನಲ್ಲಿ ನಿಂತು ಬರೆಯಲಾಗದೆಂದು ಹುಡುಗ ಹೇಳಿದಾಗ ಆಕೆ, “ಬರೆಯಬೇಡ. ಹಿಂದಿನ ದಿನ ಮಾಡಿದ ಲೆಕ್ಕವನ್ನು ಪುಸ್ತಕ ತೆರೆಯದೆ ಮನಸ್ಸಿನಲ್ಲೇ ನೆನಪು ಮಾಡಿಕೊ. ಎಲ್ಲಿ ನಿಲ್ಲುತ್ತೀಯೋ ಅದೇ ನಿನಗೆ ಬಾರದ ಜಾಗ” ಎಂದಳು. ನನ್ನ ಕಬ್ಬು ಬತ್ತಗಳಿಗಿಂತ ಇದೇ ಹೆಚ್ಚು ಬೆಲೆಯ ಮಾತೆಂದು ನಾನು ಒಪ್ಪಿಕೊಂಡೆ.

ಕೆ. ವಿ. ಶಂಕರಗೌಡರ ಪ್ರಯತ್ನದಿಂದ 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಊರಿನ ಮಕ್ಕಳಿಗೆ ಅಂತಹ ವಿದ್ಯೆ ಊರಿನ ಹತ್ತಿರವೇ ಸಿಕ್ಕಬೇಕೆಂಬ ಹಿರಿಯರ ಆಸೆ ಹೀಗೆ ಕೈಗೂಡಿತು. ವಿದ್ಯೆ ಹತ್ತಿರ ಬಂದಿದೆ. ಆದರೆ ಮಗನೋ ಮಗಳೋ ಮನೆಯಲ್ಲಿಯೇ ಇದ್ದು ಓದುವಾಗ ನಮ್ಮ ಆತಂಕಗಳೂ ಅವರ ಮೇಜಿನ ಮೇಲೆಯೇ ಬಂದು ಕೂರುತ್ತವೆ. ಕಾಲೇಜು ಕೊಡುವ 20 ಕ್ರೆಡಿಟ್ಟಿನ ಜೊತೆಗೆ, ಯಾವ ಅಂಕಪಟ್ಟಿಯಲ್ಲಿಯೂ ಕಾಣದ ಇನ್ನಷ್ಟನ್ನು ನಾವು ಪ್ರೀತಿಯಿಂದಲೇ ಹೇರುತ್ತೇವೆ. ಈ ವಾರ ನಿಮ್ಮ ಮಕ್ಕಳ ಕೈಗೂ ಒಂದು ಹಾಳೆಯನ್ನು ಕೊಟ್ಟು ನೋಡಿ. ಅವರು ಬರೆದುಕೊಟ್ಟದ್ದರಲ್ಲಿ ನಾವು ಹೇರಿದ ಗಂಟೆಗಳೆಷ್ಟೆಂದು ಮೊದಲು ಎಣಿಸಿ. ಬುದ್ಧಿವಾದ ಆಮೇಲೆ ಇದ್ದೇ ಇದೆ.

ಹುಡುಗ ಏನಾದ ಎಂದು ಕೇಳುವಿರೇನೊ. ಎರಡನೆಯ ಟೆಸ್ಟಿನಲ್ಲಿ ಗಣಿತ ಗೆದ್ದಿತು. ಇನ್ನೊಂದು ವಿಷಯ ಈಗಲೂ ಕುಂಟುತ್ತಿದೆ. ಅದು ಈ ಸಲ ದಾಟದಿದ್ದರೆ ಮತ್ತೊಮ್ಮೆ ಬರೆಯುತ್ತಾನೆ. ಒಂದು ಬೆಳೆ ಹೋಯಿತೆಂದು ಯಾವ ರೈತನೂ ಹೊಲವನ್ನು ಮಾರುವುದಿಲ್ಲ. ಮೊನ್ನೆ ಸೋಮವಾರ ಕಾಲೇಜಿನ ಅಂಗಳದಲ್ಲಿ ಎದುರಾದವನನ್ನು, “ನೆನ್ನೆ ಏನು ಮಾಡಿದೆಯಪ್ಪಾ?” ಎಂದು ವಿಚಾರಿಸಿದೆ.

“ಬೆಳಗ್ಗೆ ಎರಡು ಗಂಟೆ ಲೆಕ್ಕ ಮಾಡಿದೆ, ಸಾರ್. ಆಮೇಲೆ ಮಲಗಿಬಿಟ್ಟೆ. ಅಮ್ಮ ಎಬ್ಬಿಸಲಿಲ್ಲ.”