ಗುರುವಂದನೆಗೆ ಬಾರದವರ ಹಾಜರಿ

ಏಪ್ರಿಲ್ ಮುಗಿದು ಮೇ ಹೊಕ್ಕಿತೆಂದರೆ ನಮ್ಮ ಬೀದರ್ ಜಿಲ್ಲೆಯ ಊರುಗಳಲ್ಲಿ ಮೂರು ಬಗೆಯ ಫ್ಲೆಕ್ಸುಗಳು ಏಳುತ್ತವೆ. ಒಂದು ಬಸವ ಜಯಂತಿಯದು, ಎರಡನೆಯದು ಮದುವೆಗಳದು. ಮೂರನೆಯದು ಇತ್ತೀಚಿನದು: 'ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮೇಳನ ಹಾಗೂ ಗುರುವಂದನೆ'. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಇವನ್ನು ನೋಡುತ್ತಾ ಹೋಗಬಹುದು. ಎರಡನೆಯ ಫ್ಲೆಕ್ಸಿಗೂ ಮೂರನೆಯದಕ್ಕೂ ಇರುವ ನಂಟು ನನಗೆ ಹೊಳೆದದ್ದು ಕಳೆದ ಬೇಸಿಗೆಯಲ್ಲಿ. ಈ ಗುರುವಂದನೆಗಳು ಈಗ ನಡೆಯುತ್ತಿರುವ ರೀತಿಯಲ್ಲಿ ನಡೆಯಬಾರದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು 2013ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು. ಕಳೆದ ಮೇನಲ್ಲಿ ನಮ್ಮ ಬ್ಯಾಚಿನದೂ ಆಯಿತು. ಪುಣೆ, ಹೈದರಾಬಾದ್, ಬೆಂಗಳೂರಿನಿಂದ ಗೆಳೆಯರು ಬಂದರು. ಒಂದೇ ಬಣ್ಣದ ಟೀ ಶರ್ಟು, ಡಿಜೆ, ಡ್ರೋನ್ ಕ್ಯಾಮೆರಾ, ಗುರುಗಳಿಗೆ ಶಾಲು, ಹಾರ. ಪಿಎಚ್.ಡಿ. ಮಾಡುತ್ತಿದ್ದಾಳೆಂದು ನನ್ನನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಬೇಡವೆನ್ನಲಿಲ್ಲ. ಊಟಕ್ಕೆ ಮುಂಚೆ ನಿವೃತ್ತ ಮೇಷ್ಟ್ರೊಬ್ಬರು ಹಳೆಯ ನೆನಪಿಗೆಂದು ಹಾಜರಿ ಕರೆದರು. ಬಾರದ ಹುಡುಗರ ಪರವಾಗಿ ಗೆಳೆಯರೇ ಉತ್ತರ ಕೊಟ್ಟರು: 'ದುಬೈದಾಗ ಹಾನ್ರೀ ಸರ್', 'ಮಿಲ್ಟ್ರಿದಾಗ ಹಾನ್ರೀ'. ಆಮೇಲೆ ಹುಡುಗಿಯರ ಸರದಿ. ನಾವು 22 ಮಂದಿ ಇದ್ದೆವು, ಬಂದದ್ದು 5 ಮಂದಿ. ಮೊದಲ ಹೆಸರಿಗೆ ಹಿಂದಿನ ಸಾಲಿನಿಂದ ಒಬ್ಬ 'ಮದಿವ್ಯಾಗ್ಯಾಳ್ರೀ ಸರ್' ಅಂದ. ಎಲ್ಲರೂ ನಕ್ಕರು. ಎರಡನೆಯದಕ್ಕೂ ಅದೇ ಉತ್ತರ, ಅದೇ ನಗು. ಆ ಎರಡು ಸಲ ನಾನೂ ನಕ್ಕೆ. ಮೂರನೆಯ ಹೆಸರು ನನ್ನ ಬೆಂಚಿನ ಗೆಳತಿಯದು.

ಪರೀಕ್ಷೆ ಮುಗಿದ ಆ ಬೇಸಿಗೆಯಲ್ಲಿ ಫಲಿತಾಂಶ ನೋಡಲು ಸೈಬರ್ ಕೆಫೆಗೆ ನನ್ನ ನಂಬರಿನ ಜೊತೆ ಅವಳದನ್ನೂ ಒಯ್ದಿದ್ದೆ. ಅವಳಿಗೆ ನನಗಿಂತ 19 ಅಂಕ ಹೆಚ್ಚು. ಹೇಳೋಣವೆಂದು ಓಡಿದರೆ ಅವಳ ಮನೆ ಮುಂದೆ ಹಂದರ ಹಾಕುತ್ತಿದ್ದರು. ಆಗ ಅವಳಿಗೆ ಹದಿನಾರು.

ಹೈಸ್ಕೂಲಿನ ಬೇಸಿಗೆಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಲಲಿತ ಪ್ರಬಂಧಗಳಿವೆ. ಅಜ್ಜಿಮನೆ, ಮಾವಿನಕಾಯಿ, ಬಾವಿಯ ಈಜು, ಮಾಳಿಗೆಯ ಮೇಲಿನ ನಿದ್ದೆ. ಅವು ಸುಳ್ಳೆಂದು ನಾನು ಹೇಳುವುದಿಲ್ಲ. ಕೋಟೆ ನೋಡಲು ಹೋಗಿ ಬಿಸಿಲಿಗೆ ತಲೆ ಸುತ್ತಿ ಕೂತದ್ದು, ಐಸ್ ಕ್ಯಾಂಡಿಗೆ ಜಗಳವಾಡಿದ್ದು ನನಗೂ ನೆನಪಿದೆ. ಆದರೆ ಬಾವಿಗೆ ಹಾರಿದವರು ಯಾರು, ದಂಡೆಯ ಮೇಲೆ ಅವರ ಬಟ್ಟೆ ಕಾಯ್ದವರು ಯಾರು? ಹತ್ತನೆಯ ತರಗತಿ ಮುಗಿಸಿದ ಹುಡುಗನಿಗೆ ಬೇಸಿಗೆಯೆಂದರೆ ಎರಡು ತಿಂಗಳ ಬಿಡುವು. ನಮ್ಮ ಭಾಗದ ಎಷ್ಟೋ ಹುಡುಗಿಯರಿಗೆ ಅದೇ ಎರಡು ತಿಂಗಳಲ್ಲಿ ಮುಂದಿನ ಬದುಕು ತೀರ್ಮಾನವಾಗಿಬಿಡುತ್ತದೆ. ಶಾಲೆಯ ಬಾಗಿಲು ಮುಚ್ಚಿರುತ್ತದೆ, ಮಗು ಯಾಕೆ ಬರಲಿಲ್ಲ ಎಂದು ಕೇಳುವ ಮೇಷ್ಟ್ರು ರಜೆಯಲ್ಲಿರುತ್ತಾರೆ, ಮದುವೆಯ ಮುಹೂರ್ತಗಳು ಸಾಲುಗಟ್ಟಿರುತ್ತವೆ.

ಕಾನೂನಿಲ್ಲವೇ? ಇದೆ. ಆದರೆ ಅದರ ನಡುವೆ ಒಂದು ಕಂದಕವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗೆ ಮಾತ್ರ ಮಗುವಿನ ಕೈ ಹಿಡಿಯುತ್ತದೆ. ಮದುವೆಗೆ ಹುಡುಗಿಗೆ 18 ಆಗಿರಬೇಕು. ನಡುವಿನ ನಾಲ್ಕು ವರ್ಷ ಅವಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಹೊಣೆ ಯಾರದ್ದೂ ಅಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಂಥ ಮದುವೆ ರದ್ದಾಗಬೇಕಾದರೆ ಸಾಮಾನ್ಯವಾಗಿ ಆ ಮಗುವೇ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಮಾಡಿದ್ದು 2017ರಿಂದ. ನನ್ನ ಗೆಳತಿಗೆ ಅದು ನಾಲ್ಕು ವರ್ಷ ತಡ. 371(ಜೆ) ವಿಧಿಯ ಬಗ್ಗೆ ನಮಗೆ ಹೆಮ್ಮೆಯಿದೆ, ನಾನೂ ಅದರ ಫಲಾನುಭವಿ. ಆದರೆ ಆ ಮೀಸಲಾತಿ ಕಾಯುತ್ತಿರುವುದು ಕಾಲೇಜಿನ ಬಾಗಿಲಲ್ಲಿ. ಹತ್ತನೆಯ ತರಗತಿಯಿಂದ ಆ ಬಾಗಿಲವರೆಗೆ ಹುಡುಗಿಯನ್ನು ಕರೆತರುವವರು ಯಾರು?

'ಇಷ್ಟಕ್ಕೆಲ್ಲ ಗುರುವಂದನೆ ಏನು ಮಾಡಬೇಕು? ಒಂದು ದಿನ ನಕ್ಕು ನಲಿದರೆ ನಿನಗೇನು ಕಷ್ಟ?' ಎಂದು ಗೆಳೆಯರು ಕೇಳಿದರು. ಶಾಲೆಗೆ ಕುಡಿಯುವ ನೀರಿನ ಫಿಲ್ಟರ್ ಕೊಟ್ಟದ್ದನ್ನೂ ನೆನಪಿಸಿದರು. ಫಿಲ್ಟರ್ ಕೊಟ್ಟದ್ದು ಒಳ್ಳೆಯದೇ. ಆದರೆ ಆ ದಿನ ರಜೆಯಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆಸಿ, ಆರತಿ ತಟ್ಟೆ ಕೊಟ್ಟು ಬಿಸಿಲಲ್ಲಿ ನಿಲ್ಲಿಸಿದ್ದೆವು. ಅವರು ನಮಗೆ ನೀರು ಹಂಚಿದರು. ಬಾರದವರ ಹೆಸರಿಗೆ ನಾವು ನಕ್ಕದ್ದನ್ನು ಅವರು ಅಲ್ಲೇ ನಿಂತು ಕೇಳಿಸಿಕೊಂಡರು. ಮುಂದಿನ ಬೇಸಿಗೆಗೆ ಅವರದ್ದು ಹತ್ತನೆಯ ತರಗತಿ ಮುಗಿಯುತ್ತದೆ. ಓದು ನಿಂತರೆ ಅದು ನಗುವ ಸಂಗತಿ ಎಂಬ ಪಾಠವನ್ನು ನಾವು, ಅವರ ಹಿರಿಯರು, ಗುರುಗಳ ಎದುರೇ ಹೇಳಿಕೊಟ್ಟೆವು. ನನ್ನ ತಕರಾರು ಇಷ್ಟೇ.

ಅಮೆರಿಕದ ಹೈಸ್ಕೂಲುಗಳಲ್ಲೂ ಇಂಥದ್ದೊಂದಿದೆ, ಹೋಮ್‌ಕಮಿಂಗ್ ಎನ್ನುತ್ತಾರೆ. ಹಳಬರು ಊರಿಗೆ ಮರಳುವ ಹಬ್ಬ. ಆದರೆ ಆಟ, ಮೆರವಣಿಗೆ, ಕುಣಿತ ಎಲ್ಲ ಈಗ ಓದುತ್ತಿರುವ ಮಕ್ಕಳದ್ದು. ಹಳಬರು ಬಂದು ಚಪ್ಪಾಳೆ ತಟ್ಟುತ್ತಾರೆ. ಅದರಲ್ಲೂ ಆಡಂಬರ ಸಾಕಷ್ಟಿದೆ, ನಾವು ಅದನ್ನು ತಂದುಕೊಳ್ಳಬೇಕಿಲ್ಲ. ಹಬ್ಬ ಯಾರದ್ದು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಮಾತ್ರ ನಮ್ಮದಕ್ಕಿಂತ ಸರಿಯಾಗಿದೆ.

ಹುಮನಾಬಾದ್ ಬಳಿಯ ಜಲಸಂಗ್ವಿಗೆ ಶಾಲೆಯಿಂದ ನಮ್ಮನ್ನು ಕರೆದೊಯ್ದಿದ್ದರು. ಅಲ್ಲಿನ ಕಲ್ಯಾಣ ಚಾಲುಕ್ಯರ ದೇಗುಲದ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. 'ನೋಡ್ರೇ, ಆಗಿನ್ ಕಾಲ್ದಾಗೇ ಹೆಣ್ಮಕ್ಕಳು ಬರೀತಿದ್ರು' ಎಂದು ಮೇಷ್ಟ್ರು ಹೆಮ್ಮೆಪಟ್ಟಿದ್ದರು. 'ಆಕಿ ತನ್ ಹೆಸರು ಎಲ್ಲಿ ಬರದಾಳ್ರೀ ಸರ್?' ಎಂದು ಕೇಳಿದವಳು ನನ್ನ ಆ ಗೆಳತಿಯೇ.

ಈ ವರ್ಷ ಇನ್ನೊಂದು ಬ್ಯಾಚಿನವರು ಸಲಹೆ ಕೇಳಿದ್ದಾರೆ. ನನ್ನ ಸಲಹೆ ಇಷ್ಟು. ಡಿಜೆ, ಡ್ರೋನಿನ ದುಡ್ಡು ಉಳಿಸಿ. ಒಂದು ದಿನದ ಬದಲು ಫಲಿತಾಂಶ ಬಂದ ಮೇಲಿನ ಒಂದು ವಾರ ಶಾಲೆ ತೆರೆಸಿ. ಗ್ರಂಥಾಲಯದ ಕಪಾಟಿನ ಬೀಗ ತೆಗೆಸಿ, ಮೈದಾನದಲ್ಲಿ ಹುಡುಗಿಯರೂ ಆಡಲಿ. ಪಿಯುಸಿ ಅರ್ಜಿ, ಹಾಸ್ಟೆಲ್ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿಗಳನ್ನು ಅಲ್ಲೇ ಕೂತು ತುಂಬಿಸಿ. ಪಾಸಾದ ಪ್ರತಿ ಹುಡುಗಿಯ ಮನೆಗೆ ಇಬ್ಬರು ಹಳೆಯ ವಿದ್ಯಾರ್ಥಿಗಳು ಹೋಗಿ, ಮುಂದೆ ಎಲ್ಲಿ ಓದಿಸುತ್ತೀರಿ ಎಂದು ಕೇಳಿ. ಹಂದರ ಕಂಡರೆ 1098ಕ್ಕೆ ಫೋನ್ ಮಾಡಿ. ಫೇಲಾದವರಿಗೆ ಮರುಪರೀಕ್ಷೆಯ ಪಾಠ ಹೇಳಿ. ಶಾಲು ಆಮೇಲೆ ಹೊದಿಸಬಹುದು. ನಿಮ್ಮ ಗುರುಗಳೂ ಇದಕ್ಕೇ ಹೆಚ್ಚು ಖುಷಿಪಡುತ್ತಾರೆ.

ಗುರುವಂದನೆಯ ಮರುದಿನ ನಾನು ಬಸವಕಲ್ಯಾಣಕ್ಕೆ ಹೋಗಿ ಗೆಳತಿಯನ್ನು ಕಂಡೆ. ವಾಟ್ಸಾಪ್ ಗುಂಪಿನಲ್ಲಿ ಅವಳ ನಂಬರೇ ಇರಲಿಲ್ಲ, ಮನೆಗೆ ಹೋಗಿ ಕರೆದವರೂ ಇಲ್ಲ. ಅವಳ ದೊಡ್ಡ ಮಗಳು ಈಗ ಐದನೆಯ ತರಗತಿ. ಚಹಾ ಕೊಡುತ್ತಾ ಕೇಳಿದಳು: 'ನನ್ ಹೆಸರ್ ಕರದ್ರೇನು?' ಕರೆದರು ಎಂದೆ. 'ಯಾರರ ಏನರ ಅಂದ್ರೇನು?' ಎಂದಳು. ನನಗೆ ಉತ್ತರ ಕೊಡಲಾಗಲಿಲ್ಲ.