ಲೈಸೆನ್ಸಿನ ಗಡುವು ದುಡಿಯುವವನಿಗೆ ಮಾತ್ರವೇ?

ಗಿರಣಿಯ ಪಾಳಿ ಮುಗಿಸಿ ಸಣ್ಣ ಗೂಡ್ಸ್ ಗಾಡಿ ಓಡಿಸಿ ನಾಲ್ಕು ಕಾಸು ಸಂಪಾದಿಸಬೇಕೆಂದಿರುವ ಕಾರ್ಮಿಕನೂ, ಸಂತೆಗೆ ತನ್ನ ಸರಕನ್ನು ತಾನೇ ಸಾಗಿಸಿ ಬಾಡಿಗೆ ಉಳಿಸಬೇಕೆಂದಿರುವ ಸಣ್ಣ ವರ್ತಕನೂ ಆರ್.ಟಿ.ಓ. ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಅಲ್ಲಿ ಅವರು ತೆರುವುದು ಶುಲ್ಕವನ್ನಷ್ಟೇ ಅಲ್ಲ, ದಿನಗಳನ್ನು. ಆ ದಿನಗಳ ಲೆಕ್ಕವನ್ನು ಓದುಗರ ಮುಂದಿಡಲು ಬಯಸುತ್ತೇವೆ.

1988ರ ಮೋಟಾರು ವಾಹನ ಕಾಯಿದೆ ಮತ್ತು 1989ರ ಕೇಂದ್ರ ನಿಯಮಗಳಂತೆ, ಕಲಿಕಾ ಲೈಸೆನ್ಸು ಕೈಗೆ ಬಂದು 30 ದಿನ ಕಳೆಯದೆ ಗಾಡಿ ನಡೆಸುವ ಪರೀಕ್ಷೆಗೆ ನಿಲ್ಲುವಂತಿಲ್ಲ. ನಪಾಸಾದರೆ 7 ದಿನ ಕಾಯಬೇಕು. ಮೂರು ಸಲ ನಪಾಸಾದರೆ 60 ದಿನ. ಇದನ್ನು ನಾವು ವಿರೋಧಿಸುವವರಲ್ಲ. ಅರೆಬರೆ ಕಲಿತವನು ಬೀದಿಗಿಳಿದರೆ ಚಕ್ರದಡಿ ಸಿಕ್ಕುವವನು ಕಾರಿನಲ್ಲಿ ಕುಳಿತ ಸಾಹುಕಾರನಲ್ಲ. ಪಾಳಿಗೆ ಸೈಕಲ್ಲಿನಲ್ಲಿ ಹೊರಟ ನಮ್ಮವನೇ.

ಆದರೆ ಕಲಿಕಾ ಲೈಸೆನ್ಸಿನ ಆಯುಷ್ಯ 6 ತಿಂಗಳು ಮಾತ್ರ. ಮೂರು ಸಲ ಎಡವಿದವನಿಗೆ ಕಾಯಿದೆಯ ಕಾಯುವಿಕೆಯೇ 30, 7, 7, 60, ಒಟ್ಟು 104 ದಿನ. ಉಳಿಯುವುದು ಹೆಚ್ಚೆಂದರೆ 80 ದಿನ. ಪ್ರತಿ ಸಲವೂ ಪರೀಕ್ಷೆಯ ದಿನಾಂಕ ಸಿಗಲು ಕಚೇರಿ ಮೂರು ವಾರ ತಡಮಾಡಿತೆನ್ನಿ: ನಾಲ್ಕು ಸಲಕ್ಕೆ 84 ದಿನ! ನಾಲ್ಕನೆಯ ಪರೀಕ್ಷೆ ಬರುವ ಮೊದಲೇ ಕಲಿಕಾ ಲೈಸೆನ್ಸು ಸತ್ತಿರುತ್ತದೆ. ಮತ್ತೆ ಅರ್ಜಿ, ಮತ್ತೆ ಶುಲ್ಕ. ಪರೀಕ್ಷೆಯ ಶುಲ್ಕವೂ ಪ್ರತಿ ಸಲಕ್ಕೆ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಹೋದ ದಿನವೆಲ್ಲ ಕೂಲಿ ಖೋತಾ, ಇಲ್ಲವೆ ಅಂಗಡಿಯ ಬಾಗಿಲು ಬಂದ್. ಅರ್ಜಿದಾರ ಎಷ್ಟು ದಿನ ಕಾಯಬೇಕೆಂದು ಬರೆದ ಮೋಟಾರು ಕಾಯಿದೆ, ಕಚೇರಿ ಅವನನ್ನು ಎಷ್ಟು ದಿನ ಮೀರಿ ಕಾಯಿಸಬಾರದೆಂದು ಬರೆದಿಲ್ಲ. ದಲ್ಲಾಳಿಯ ಜೇಬು ತುಂಬುವುದು ಈ ಬಿಟ್ಟ ಜಾಗದಲ್ಲೇ.

ಒಂದು ಕಾಯುವಿಕೆಯಂತೂ ತಪ್ಪಿದೆ, ಅದನ್ನು ಹೇಳದಿರುವುದು ನ್ಯಾಯವಲ್ಲ. ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾಗದೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸು ಕೊಡಬಾರದೆಂದು ಕಾಯಿದೆಯ 7ನೆಯ ಕಲಮು ಹೇಳುತ್ತದೆ. ಇದನ್ನೇ ಹಿಡಿದು ವಿಮಾ ಕಂಪನಿಗಳು ಗೂಡ್ಸ್ ಗಾಡಿ ಚಾಲಕರ ಮೇಲೆ ತಕರಾರು ತೆಗೆಯುತ್ತಿದ್ದವು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕೆಂದು ತೀರ್ಪಿತ್ತಿತು. ಲಾರಿ, ಬಸ್ಸು ನಡೆಸಹೊರಟವನಿಗೆ ಮಾತ್ರ ಆ ವರ್ಷ ತಪ್ಪಿಲ್ಲ.

ಇನ್ನು ಸರ್ಕಾರ ಕಂಡುಕೊಂಡ ಪರಿಹಾರವನ್ನು ನೋಡಿ. 2021ರ ಜುಲೈಯಿಂದ, ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಕಲಿತು ಅಲ್ಲೇ ಪಾಸಾದವರಿಗೆ ಆರ್.ಟಿ.ಓ. ಪರೀಕ್ಷೆ ಬೇಡವೆಂಬ ನಿಯಮ ಬಂದಿತು. ಲಘು ವಾಹನಕ್ಕೆ ಅಲ್ಲಿ ನಾಲ್ಕು ವಾರದೊಳಗೆ 29 ಗಂಟೆಯ ಶಿಕ್ಷಣ. ಶಿಕ್ಷಣ ಒಳ್ಳೆಯದೇ. ಆದರೆ ಬಯಲು ಸೀಮೆಯಲ್ಲಿ ಇಂಥ ಕೇಂದ್ರ ತೆರೆಯಲು ಎರಡು ಎಕರೆ ನೆಲ ಬೇಕೆಂದು ಅದೇ ನಿಯಮ ವಿಧಿಸಿತು. ಎರಡು ಎಕರೆಯ ಒಡೆಯ ಯಾರು, ಅವನು ಕೇಳುವ ಫೀಜು ತೆರಬಲ್ಲವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣವುಳ್ಳವನಿಗೆ ಸರತಿಯೇ ಇಲ್ಲ. ಇಲ್ಲದವನಿಗೆ ಸರತಿಯೇ ಗತಿ.

ಕರ್ನಾಟಕದಲ್ಲಿ 2011ರ ಸಕಾಲ ಕಾಯಿದೆಯಿದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, 500 ಮೀರದಂತೆ, ನಾಗರಿಕನಿಗೆ ಸಲ್ಲಬೇಕೆಂಬುದು ಅದರ ಕಟ್ಟಳೆ. ಅರ್ಜಿದಾರ ಪರೀಕ್ಷೆಗೆ ದಿನ ಕೇಳಿದ ಗಳಿಗೆಯಿಂದಲೇ ಆ ಲೆಕ್ಕ ಆರಂಭವಾಗಲಿ. ಕಚೇರಿಯ ತಡದಿಂದ ಹೋದ ದಿನಗಳನ್ನು ಕಲಿಕಾ ಲೈಸೆನ್ಸಿನ 6 ತಿಂಗಳಲ್ಲಿ ಎಣಿಸದಿರಲಿ. ಕೂಲಿ ಕಳೆದುಕೊಳ್ಳದೆ ದುಡಿಯುವವರು ಬರುವಂತೆ, ತಿಂಗಳಿಗೆ ಎರಡು ಭಾನುವಾರವಾದರೂ ಜಿಲ್ಲೆಯ ಪರೀಕ್ಷಾ ಮೈದಾನ ತೆರೆದಿರಲಿ.