ಹಳೆಯ ಎಂಜಿನಿಗೆ ಹೊಸ ಒತ್ತಡ

ಹಳೆಯ ಸ್ಪೋರ್ಟ್ಸ್ ಕಾರನ್ನು ಜೋಪಾನವಾಗಿ ಉಳಿಸಿಕೊಂಡವರಿಗೆ ಒಂದಲ್ಲ ಒಂದು ದಿನ ಅದರ ಬಲವನ್ನು ಹೆಚ್ಚಿಸುವ ಆಸೆ ಹುಟ್ಟುವುದುಂಟು. ಅದಕ್ಕೆ ಸುಲಭವೆಂದು ತೋರುವ ದಾರಿ ಎಂಜಿನ್ನಿನ ಸಂಪೀಡನ ಪ್ರಮಾಣವನ್ನು, ಅಂದರೆ ಕಂಪ್ರೆಷನ್ ರೇಷಿಯೋವನ್ನು, ಏರಿಸುವುದು. ಆಸೆಯೇನೋ ತಪ್ಪಲ್ಲ, ಅದನ್ನು ಬರಿಯ ಅಂದಾಜಿನಿಂದ ಈಡೇರಿಸಹೊರಡುವುದು ತಪ್ಪೆಂದು ನನ್ನ ಮತ.

ಪಿಸ್ಟನ್ನು ಕೆಳತುದಿಯಲ್ಲಿರುವಾಗ ಅದರ ಮೇಲಿರುವ ಸ್ಥಳವೆಷ್ಟು? ಮೇಲ್ತುದಿಗೆ ಏರಿದಾಗ ಉಳಿಯುವ ಸ್ಥಳವೆಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಈ ಪ್ರಮಾಣ. 1962ರಲ್ಲಿ ಹೊರಬಂದ ಎಂ.ಜಿ.ಬಿ. ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರುಗಳ, 1798 ಘನ ಸೆಂಟಿಮೀಟರಿನ ಅದರ ಎಂಜಿನನ್ನು ತಯಾರಕರು 8.8ರ ಪ್ರಮಾಣದಲ್ಲಿಯೂ, ಕೀಳು ದರ್ಜೆಯ ಪೆಟ್ರೋಲಿಗಾಗಿ 8ರ ಪ್ರಮಾಣದಲ್ಲಿಯೂ ಒದಗಿಸಿದರು. ಇವೆರಡರ ನಡುವಿನ ಅಂತರ ಪ್ರತಿ ಸಿಲಿಂಡರಿನಲ್ಲಿ ಸುಮಾರು ಆರೂವರೆ ಘನ ಸೆಂಟಿಮೀಟರು. ಒಂದು ಸಣ್ಣ ಚಮಚೆಗಿಂತ ತುಸು ಹೆಚ್ಚು, ಅಷ್ಟೆ!

ಲಾಭವೆಷ್ಟು? ಆದರ್ಶ ಲೆಕ್ಕದಂತೆ ಪ್ರಮಾಣವು 7ರಿಂದ 9ಕ್ಕೆ ಏರಿದರೆ ದಕ್ಷತೆ ನೂರಕ್ಕೆ ಎಂಟರಷ್ಟು ಹೆಚ್ಚುತ್ತದೆ; 9ರಿಂದ 11ಕ್ಕೆ ಏರಿದರೆ ಐದರಷ್ಟು ಮಾತ್ರ. ಲಾಭ ಇಳಿಮುಖವಾದರೂ ಶಾಖ ಏರುತ್ತಲೇ ಹೋಗುತ್ತದೆ. 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಎಂಟನೆಯ ಒಂದು ಪಾಲಿಗೆ ಅದುಮಿದರೆ ಅದು ಸುಮಾರು 440 ಡಿಗ್ರಿಗೂ, ಹತ್ತನೆಯ ಒಂದು ಪಾಲಿಗೆ ಅದುಮಿದರೆ 505 ಡಿಗ್ರಿಗೂ ಕಾಯುತ್ತದೆ. ಆಗ ಜ್ವಾಲೆ ತಲುಪುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿ ಸಿಡಿಯುವುದು. ಕಟಕಟನೆ ಕೇಳುವ ಈ ಸದ್ದನ್ನೇ ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವರು. ಅದನ್ನು ಅಲಕ್ಷಿಸಿದರೆ ಪಿಸ್ಟನ್ನೇ ತೂತಾಗಬಹುದು.

ಈ ಪಿಡುಗನ್ನು ಅಡಗಿಸಲು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಸೀಸದ ಸಂಯುಕ್ತವೊಂದನ್ನು ಕಂಡುಹಿಡಿದನು. ಅದು ಎಂಜಿನ್ನಿಗೆ ಹಿತವಾದರೂ ಮನುಷ್ಯನಿಗೆ ವಿಷ. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. ಈಗ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ, 95 ಆಕ್ಟೇನಿನ ಇಂಧನ ಬಂದಿದೆ. ಆಕ್ಟೇನ್ ಎಂಬುದು ಶಕ್ತಿಯ ಅಳತೆಯಲ್ಲ, ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣದ ಅಳತೆ. ಆದುದರಿಂದ ಪ್ರಮಾಣವನ್ನು ಏರಿಸಲು ಇದು ಒಳ್ಳೆಯ ಕಾಲವೆಂದು ಕೆಲವರು ವಾದಿಸಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಎಥನಾಲಿನಲ್ಲಿರುವ ಆಮ್ಲಜನಕದಿಂದ ಹಳೆಯ ಕಾರ್ಬ್ಯುರೇಟರಿನ ಮಿಶ್ರಣ ಬಡವಾಗುತ್ತದೆ. ಜೆಟ್ಟನ್ನು ಹಿಗ್ಗಿಸದಿದ್ದರೆ ಅಪಾಯ ತಪ್ಪದು. ಹಳೆಯ ರಬ್ಬರ್ ಕೊಳವೆಗಳಿಗೂ ಎಥನಾಲ್ ಒಗ್ಗದು.

ಇನ್ನೊಂದು ಮೋಸ ನಮ್ಮ ನೆಲದಲ್ಲಿಯೇ ಅಡಗಿದೆ. ಹಾರನಹಳ್ಳಿ, ಅರಸೀಕೆರೆಗಳ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಕರಾವಳಿಯದಕ್ಕಿಂತ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಡಿಮೆ. ಸಿಲಿಂಡರಿಗೆ ನುಗ್ಗುವ ಗಾಳಿಯೂ ಅಷ್ಟೇ ಕಡಿಮೆ. ಆದಕಾರಣ ನಾಕಿಂಗ್ ಸುಲಭವಾಗಿ ಕೇಳಿಬಾರದು. ಇಲ್ಲಿ ಸದ್ದಿಲ್ಲದೆ ಓಡಿದ ಅದೇ ಕಾರು ಶಿರಾಡಿ ಘಟ್ಟವನ್ನಿಳಿದು, ಮಂಗಳೂರಿನ ಬಿಸಿಯಾದ ದಟ್ಟ ಗಾಳಿಯನ್ನು ಹೀರಿ, ಮತ್ತೆ ಘಟ್ಟವನ್ನು ಏರತೊಡಗಿದಾಗ ಕಟಕಟ ಎನ್ನಬಹುದು. ಆದ್ದರಿಂದ ಪ್ರಮಾಣವನ್ನು ನಿರ್ಧರಿಸುವಾಗ ಮನೆಯ ಮುಂದಿನ ಸಮರಸ್ತೆಯನ್ನಲ್ಲ, ಘಟ್ಟದ ಬುಡವನ್ನು ನೆನೆಯಬೇಕು.

ಸಾಮಾನ್ಯವಾಗಿ ಸಿಲಿಂಡರ್ ಹೆಡ್ಡನ್ನು ಯಂತ್ರದಲ್ಲಿ ಹೆರೆಸಿ ಪ್ರಮಾಣವನ್ನು ಏರಿಸುವುದುಂಟು. ಹೆರೆದ ಲೋಹ ಮರಳಿ ಬಾರದು. ಎತ್ತರದ ಪಿಸ್ಟನ್ನುಗಳನ್ನು ಕೂಡಿಸಿದರೆ ಖರ್ಚು ಹೆಚ್ಚು. ಆದರೆ ಬೇಡವೆನಿಸಿದ ದಿನ ಅವನ್ನು ತೆಗೆದು ಮೂಲದವನ್ನೇ ಹಾಕಬಹುದು. ಹಾರನಹಳ್ಳಿಯ ಹೊಯ್ಸಳ ಗುಡಿಗಳನ್ನು ದುರಸ್ತಿ ಮಾಡುವವರು ಹಳೆಯ ಕಲ್ಲಿಗೆ ಹೊಸ ಉಳಿ ತಾಗಿಸಿದರೆ ನಾವು ಒಪ್ಪುವೆವೇ? ಬಿಡಿಭಾಗ ದೊರೆಯದ ಎಂಜಿನ್ನಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಮೊದಲು ದಹನಕೋಶಕ್ಕೆ ಎಣ್ಣೆ ತುಂಬಿ ಅದರ ಗಾತ್ರವನ್ನು ಅಳೆಯಿರಿ, ಲೆಕ್ಕ ಹಾಕಿರಿ, ಆಮೇಲೆ ಒಂದಂಶದಷ್ಟು ಮಾತ್ರ ಏರಿಸಿರಿ. ಅದಕ್ಕೂ ಮೀರಿದ ವೇಗ ಬೇಕಾದವರು ಬೇರೆ ಕಾರು ಕೊಳ್ಳುವುದೇ ಲೇಸು.